ಉಚಿತ ಕಾನೂನು ನೆರವು: ಹಕ್ಕಿಗೆ ಕತ್ತರಿ ಬಿದ್ದಿಲ್ಲ, ದಾರಿಗೆ ಬಿದ್ದಿದೆ

ವಕೀಲರನ್ನು ಹಿಡಿಯಲು ಕಾಸಿಲ್ಲದವರಿಗೆ ತುಮಕೂರು ಜಿಲ್ಲೆಯಲ್ಲಿ ಎರಡು ಬಾಗಿಲುಗಳಿವೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ. ಕೊಡುವ ಸೇವೆಯ ಪಟ್ಟಿ ನೋಡಿದರೆ ಆಡಿಕೊಳ್ಳುವುದಕ್ಕೆ ಏನೂ ಇಲ್ಲ. ವಕೀಲರ ಫೀಸು, ಕೋರ್ಟ್ ಶುಲ್ಕ, ಸಮನ್ಸ್ ಜಾರಿಯ ಖರ್ಚು, ಟೈಪಿಂಗ್, ಆದೇಶದ ದೃಢೀಕೃತ ನಕಲು ಎಲ್ಲವೂ ಉಚಿತ.

ಅರ್ಹತೆಯೂ ಧಾರಾಳವಾಗಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿರಬೇಕು.

ಇಂಗ್ಲೆಂಡಿನಲ್ಲಿ ಕಾನೂನು ನೆರವಿನ 2012ರ ಕಾಯ್ದೆ 2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಬಹುಪಾಲು ಕೌಟುಂಬಿಕ ವ್ಯಾಜ್ಯ, ಸಾಲ, ಸರ್ಕಾರಿ ಸವಲತ್ತಿನ ತಕರಾರುಗಳನ್ನು ನೆರವಿನ ಪಟ್ಟಿಯಿಂದಲೇ ಕಿತ್ತುಹಾಕಿದರು. ನಮ್ಮಲ್ಲಿ ಹಾಗೆ ಆಗಿಲ್ಲ. ಇಲ್ಲಿ ಸವೆದಿರುವುದು ಊರಿಗೂ ಕೋರ್ಟಿಗೂ ನಡುವಿನ ಕೊಂಡಿ. ರಾಜ್ಯಗಳ ನ್ಯಾಯ ವ್ಯವಸ್ಥೆಯನ್ನು ಅಳೆಯುವ ಇಂಡಿಯಾ ಜಸ್ಟಿಸ್ ರಿಪೋರ್ಟ್ 2025ರ ಲೆಕ್ಕದಂತೆ ದೇಶದಲ್ಲಿ ಅರೆ ಕಾನೂನು ಸ್ವಯಂಸೇವಕರ ಸಂಖ್ಯೆ 2019ರಿಂದ 2024ರೊಳಗೆ 38 ಶೇಕಡಾ ಇಳಿದಿದೆ. ಅರ್ಜಿ ಬರೆದುಕೊಡುವುದು, ಪಹಣಿ ತೆಗೆಸುವುದು, ವಾಯಿದೆಯ ದಿನ ನೆನಪಿಸುವುದು, ಇಂಥ ಸಣ್ಣ ಕೆಲಸಗಳೆಲ್ಲ ಇವರ ಪಾಲಿನವು. ಈ ಕೈಗಳು ಕಡಿಮೆಯಾದಾಗ ಪೆಟ್ಟು ಬೀಳುವುದು ತುಮಕೂರು ಪೇಟೆಯವರಿಗಲ್ಲ, ಪಾವಗಡದ ವೈ.ಎನ್. ಹೊಸಕೋಟೆಯಂಥ ಕಡೆಯವರಿಗೆ. ಜಿಲ್ಲಾ ಕೇಂದ್ರದಲ್ಲಿ ಕೆಲಸವಿದ್ದರೆ ಅವರು ಹೋಗುವುದಕ್ಕೇ ಸುಮಾರು ನೂರು ಕಿಲೋಮೀಟರ್ ದಾಟಬೇಕು. ಹೆಂಗಸರಿಗೆ ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿಯುತ್ತದೆ, ಕೂಲಿ ಉಳಿಯುವುದಿಲ್ಲ.

ಹಾಗಾಗಿ ಸ್ವಯಂಸೇವಕರು ಮಾಡುತ್ತಿದ್ದ ಕೆಲಸವನ್ನು ಈಗ ಅರ್ಜಿದಾರರೇ ಮಾಡಿಕೊಳ್ಳಬೇಕು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೂ ಅರ್ಜಿ ನಡೆಯುತ್ತದೆ. ಓದುಬರಹ ಬಾರದಿದ್ದರೆ ಬಾಯಲ್ಲಿ ಹೇಳಿ ಬರೆಸಬಹುದು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳುವುದು ಮುಖ್ಯ, ಯಾಕೆಂದರೆ ಅರ್ಜಿ ಸಿಕ್ಕ 7 ದಿನದೊಳಗೆ ತೀರ್ಮಾನ ಆಗಬೇಕೆಂದು ನಿಯಮವಿದೆ. ಸೀಲಿಲ್ಲದಿದ್ದರೆ ಆ ಏಳು ದಿನ ಯಾವತ್ತಿನಿಂದ ಎಂದು ತೋರಿಸುವುದು ಹೇಗೆ? ತಿರಸ್ಕಾರವಾದರೆ ಪ್ರಾಧಿಕಾರದ ಅಧ್ಯಕ್ಷರಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರಿಗೆ, ಮೇಲ್ಮನವಿ ಕೊಡಬಹುದು. ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲದವರು ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡುವುದು ಒಳ್ಳೆಯದು.

ಹೆಚ್ಚು ಎಡವುವುದು ಆದಾಯ ಪ್ರಮಾಣಪತ್ರದಲ್ಲಿ. ಜೀವನಾಂಶ ಕೇಳುವ ಹೆಣ್ಣುಮಗಳು ಅದಕ್ಕಾಗಿ ನಾಡಕಚೇರಿಗೆ ಅಲೆಯಬೇಕಾಗಿಯೇ ಇಲ್ಲ, ಆಧಾರ್ ಸಾಕು. ಪರಿಶಿಷ್ಟರು ಜಾತಿ ಪ್ರಮಾಣಪತ್ರ ತೋರಿಸಿದರೆ ಮುಗಿಯಿತು. ಆದಾಯದ ಆಧಾರದಲ್ಲಿ ಬರುವವರಿಗೂ 13ನೇ ಕಲಂ ಅನುಕೂಲ ಮಾಡಿದೆ: ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೆ, ಅದನ್ನು ನಂಬದಿರಲು ಕಾರಣವಿಲ್ಲದಿದ್ದಲ್ಲಿ, ಅದನ್ನೇ ಸಾಕೆಂದು ಒಪ್ಪಬಹುದು.

ಇದಕ್ಕಿಂತ ದೊಡ್ಡ ಅಪಾಯ ಕಾಲಮಿತಿಯದು. ನೆರವಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ಸಿವಿಲ್ ದಾವೆಯ ಸಮನ್ಸ್ ಬಂದ 30 ದಿನದೊಳಗೆ ಲಿಖಿತ ಉತ್ತರ ಹೋಗಬೇಕು, ಕೋರ್ಟು ಕಾರಣ ಒಪ್ಪಿದರೆ 90ರವರೆಗೆ ಹಿಗ್ಗುತ್ತದೆ. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಮೇಲೆ ದೂರಿಗೆ ಒಂದು ತಿಂಗಳು. ಆದ್ದರಿಂದ ಕಡೇ ದಿನಾಂಕವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಬೇಕು. ಪಾಲಿನ ದಾವೆಯಾದರೆ ಪಹಣಿ, ಮ್ಯುಟೇಷನ್ ನಕಲು, ವಂಶವೃಕ್ಷ ಜೊತೆಗಿರಲಿ. ಇವಿಲ್ಲದೆ ನೇಮಕವಾದ ವಕೀಲರು ದಾವೆ ತಯಾರಿಸಲು ಕೂರುವುದಿಲ್ಲ, ತಡವಾದದ್ದು ಯಾರಿಂದ ಎಂಬ ಜಗಳ ಶುರುವಾಗುತ್ತದೆ.

ವಕೀಲರ ಗುಣಮಟ್ಟದ ಮಾತಿಗೆ ಬಂದರೆ ಕ್ರಿಮಿನಲ್ ಮತ್ತು ಸಿವಿಲ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) 2022ರಲ್ಲಿ ಪರಿಷ್ಕರಿಸಿದ ಕಾನೂನು ನೆರವು ಅಭಿರಕ್ಷಕರ ಯೋಜನೆಯಲ್ಲಿ ಆರೋಪಿಗಳ ಪರ ವಾದಿಸುವವರು ಪೂರ್ಣಾವಧಿ ವಕೀಲರು. ಖಾಸಗಿ ಕೇಸು ಹಿಡಿಯುವಂತಿಲ್ಲ, ಅದಕ್ಕೇ ಗಮನ ಚೆದುರುವುದಿಲ್ಲ. ಜೀವನಾಂಶ, ಪಾಲು, ಬಾಡಿಗೆ ಕೇಸುಗಳು ಮಾತ್ರ ಈಗಲೂ ಪ್ಯಾನೆಲ್ ವಕೀಲರ, ಅಂದರೆ ಖಾಸಗಿ ವಕೀಲಿಕೆಯ ಜೊತೆಗೇ ನೆರವಿನ ಕೇಸನ್ನೂ ನಡೆಸುವವರ ಕೈಯಲ್ಲಿವೆ. ಅವರಿಗೆ ಸಿಗುವ ಗೌರವಧನ ಖಾಸಗಿ ಫೀಸಿನ ಮುಂದೆ ಚಿಲ್ಲರೆ, ಸ್ವಂತ ಕಕ್ಷಿದಾರರ ಕೇಸು ಅದೇ ದಿನ ಬಿದ್ದರೆ ಯಾವುದು ಮುಂದೂಡಿಕೆಯಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅನುದಾನ ಹೆಚ್ಚುವುದಾದರೆ ಮೊದಲು ಇಲ್ಲಿಗೇ ಬರಲಿ.

ರಾಜಿಯಿಂದ ಕೇಸು ಮುಗಿಸುವ ಲೋಕ ಅದಾಲತ್ ಈ ಸೇವೆಯ ಅತ್ಯಂತ ಚುರುಕಾದ ಭಾಗ. ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್. ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಅಣ್ಣತಮ್ಮಂದಿರ ಒತ್ತಾಯಕ್ಕೆ ಪಾಲು ಬಿಟ್ಟುಕೊಡುವ ಹೆಣ್ಣುಮಕ್ಕಳು ರಾಜಿ ಪತ್ರದ ಸರ್ವೆ ನಂಬರ್, ಎಕರೆ-ಗುಂಟೆಗಳನ್ನು ಪಹಣಿಯೊಂದಿಗೆ ಹೋಲಿಸಿ ಓದಿಸಿಕೊಂಡ ಮೇಲಷ್ಟೇ ಸಹಿ ಮಾಡುವುದು ಕ್ಷೇಮ. ಒಪ್ಪಿಗೆಯಾಗದಿದ್ದರೆ ಕೇಸು ಮತ್ತೆ ಕೋರ್ಟಿಗೇ ಬರುತ್ತದೆ, ಏನೂ ಕಳೆದುಹೋಗುವುದಿಲ್ಲ.

ನೇಮಕವಾದ ವಕೀಲರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ, ಟೈಪಿಂಗಿಗೆ ಅಂತಲೂ. ಕೇಳಿದರೆ ಅಥವಾ ವಾಯಿದೆಗೆ ಬಾರದೇ ಹೋದರೆ, ಕೇಸ್ ನಂಬರ್ ಮತ್ತು ತಾರೀಕು ಬರೆದು ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಅರ್ಜಿ ಕೊಟ್ಟು ಬೇರೆ ವಕೀಲರನ್ನು ಕೇಳಬಹುದು.