ನೆನೆದ ಕ್ಯಾಮೆರಾ: ಪೆಂಟಾಕ್ಸ್ ಕೆ1000 ಉಳಿಸುವುದೋ, ಕ್ಯಾನನ್ ಎಇ-1 ಉಳಿಸುವುದೋ?

ಎರಡೂ 1976ರಲ್ಲಿ ಬಂದ ಫಿಲ್ಮ್ ಕ್ಯಾಮೆರಾಗಳು. ಎರಡೂ ನೆನೆದು, ಒಂದರ ರಿಪೇರಿಗಷ್ಟೇ ದುಡ್ಡಿದ್ದರೆ ಕೆ1000ಕ್ಕೇ ಹಾಕಿ. ಅದರ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಿರುವುದು ಬೆಳಕಿನ ಮೀಟರಿಗೆ ಮಾತ್ರ. ಮೀಟರ್ ಸತ್ತರೂ ಫೋಟೊ ತೆಗೆಯಬಹುದು. ಎಇ-1ರಲ್ಲಿ 6 ವೋಲ್ಟ್ ಸಿಗದೆ ಶಟರ್ ಬೀಳುವುದೇ ಇಲ್ಲ. ಮೇಲ್ಮುಚ್ಚಳದಡಿ ಮಡಚಿ ಕೂರಿಸಿದ ಸರ್ಕ್ಯೂಟ್ ಹಾಳೆಯ ತಾಮ್ರದ ಗೆರೆಗಳು ಹಸಿರುಗಟ್ಟಿದ್ದರೆ, ಇನ್ನೊಂದು ಎಇ-1ರಿಂದ ಬಿಡಿಭಾಗ ಕೀಳದೆ ಗತಿಯಿಲ್ಲ. ಸಿಹಿನೀರಾಗಿದ್ದು, ಕೂಡಲೇ ಬ್ಯಾಟರಿ ತೆಗೆದಿದ್ದರೆ ಮಾತ್ರ ಆಸೆ ಇದೆ: ಮುಚ್ಚಳ ಬಿಚ್ಚಿಸಿ, 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸಂಪರ್ಕಬಿಂದುಗಳನ್ನು ಒರೆಸಿಸಿ.

ಯಾವುದೇ ಆಗಲಿ, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದು ನೋಡಬೇಡಿ. ನೀರು ಗೇರುಗಳ ಒಳಕ್ಕಿಳಿಯುತ್ತದೆ. ಅಕ್ಕಿಡಬ್ಬಿಯೂ ಬೇಡ, ಪುಡಿ ಸೇರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಡಿ. ನೆನೆದ ಫಿಲ್ಮ್ ಒಣಗಿದರೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಕತ್ತಲಲ್ಲಿ ತೆಗೆದು, ಬೆಳಕು ತಾಗದ ಡಬ್ಬಿಯಲ್ಲಿ ತಣ್ಣೀರೊಳಗೇ ಮುಳುಗಿಸಿಟ್ಟು ಲ್ಯಾಬಿಗೆ ಒಯ್ಯಿರಿ.