ಹಳೇ ಸೆಸ್ನಾ 140 ವಿಪರೀತ ಪೆಟ್ರೋಲ್ ಕುಡೀತಿತ್ತು, ಈ ತಾತ ಕಾರಣ ಹುಡುಕಿಕೊಟ್ರು

ನಮ್ಮದು 1946ರ ಸೆಸ್ನಾ 140 ಅನ್ನೋ ಪುಟ್ಟ ವಿಮಾನ, ಕಾಂಟಿನೆಂಟಲ್ ಸಿ-85 ಇಂಜಿನ್, ಟೆಕ್ಸಾಸಲ್ಲಿ ಮೂರು ಜನ ಸೇರಿ ಇಟ್ಕೊಂಡಿದೀವಿ. ಈ ಇಂಜಿನ್ಗೆ ಕ್ರೂಸಲ್ಲಿ (ಮೇಲೆ ಹೋಗಿ ಒಂದೇ ಸಮ ಹಾರ್ವಾಗ) ಗಂಟೆಗೆ ಸುಮಾರು 5 ಗ್ಯಾಲನ್, ಅಂದ್ರೆ 19 ಲೀಟರ್ ಸಾಕು, ನಮ್ದು 7 ದಾಟ್ತಿತ್ತು. ಎರಡೂ ಟ್ಯಾಂಕ್ ಸೇರಿ ಇರೋದೇ 25 ಗ್ಯಾಲನ್, ಇದು ಬರೀ ದುಡ್ಡಿನ ವಿಷ್ಯ ಅಲ್ಲ, ನಾಲ್ಕು ಗಂಟೆ ಆರಾಮಾಗಿ ಹಾರಬಹುದು ಅಂತ ಹೊರಟು ಮೂರನೇ ಗಂಟೆಗೇ ಗೇಜ್ ತಳ ಮುಟ್ತಿದ್ರೆ ಎದೆ ಢವಢವ ಅನ್ನುತ್ತೆ.

ಮೊದಲು ತೋರಿಸಿದ ವರ್ಕ್‌ಶಾಪಲ್ಲಿ ಏನೂ ಅಳೀದೇ ಕಾರ್ಬ್ಯುರೇಟರ್ ಹೋಗಿದೆ ಬೇರೆ ಹಾಕ್ಸಿ ಅಂದ್ರು. ಮನಸ್ಸು ಒಪ್ಪಲಿಲ್ಲ. ಆಮೇಲೆ ಸಿಕ್ಕಿದ್ದು ಪಕ್ಕದ ಏರ್‌ಪೋರ್ಟಲ್ಲಿ ಒಂದೇ ಹ್ಯಾಂಗರ್ ಇಟ್ಕೊಂಡಿರೋ ಎಪ್ಪತ್ತು ದಾಟಿದ ಮೆಕ್ಯಾನಿಕ್ ತಾತ.

ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ ಮೊದಲ ದಿನ. ಸಮ ನೆಲದಲ್ಲಿ ನಿಲ್ಲಿಸಿ ಟ್ಯಾಂಕ್ ತುಂಬಿಸಿ, ಒಂದು ಗಂಟೆ ಹಾರಿಸಿಕೊಂಡು ಬಾ ಅಂದ್ರು, ವಾಪಸ್ ಬಂದು ಅದೇ ಜಾಗದಲ್ಲಿ ಅದೇ ಮಟ್ಟಕ್ಕೆ ತುಂಬಿಸಿದ್ರೆ 7.1 ಗ್ಯಾಲನ್ ಹಿಡೀತು. ಆಮೇಲೆ ಲೈಟ್ ಹಿಡಿದು ಪ್ರೊಪೆಲರ್ ಸುತ್ತು ಅಳೆಯೋ ಮೀಟರ್ ತಂದ್ರು. ನಮ್ಮ ಡ್ಯಾಶ್‌ಬೋರ್ಡಿನ ಟ್ಯಾಕ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅಂತ ತೋರಿಸೋ ಮೀಟರ್) 2300 ತೋರಿಸ್ವಾಗ ನಿಜವಾಗ್ಲೂ ಸುತ್ತುತ್ತಿದ್ದದ್ದು 2420! ಹಳೇ ಮೆಕ್ಯಾನಿಕಲ್ ಟ್ಯಾಕ್‌ಗಳು ಹೀಗೆ ಕಮ್ಮಿ ತೋರಿಸೋದು ಮಾಮೂಲಂತೆ, ನಾವು ಇಷ್ಟು ದಿನ ಗೊತ್ತಿಲ್ದೇ ಜಾಸ್ತಿ ಪವರ್ ಎಳೀತಿದ್ವಿ.

ಆದ್ರೆ ಅಷ್ಟಕ್ಕೇ ಎರಡು ಗ್ಯಾಲನ್ ಹೋಗಲ್ಲ ಅಂತ ಪ್ಲಗ್ ಬಿಚ್ಚಿದ್ರು. ಕಾಡಿಗೆ ಹಚ್ಚಿದಂಗೆ ಕಪ್ಪು, ಬೆರಳಲ್ಲಿ ಒರೆಸಿದ್ರೆ ಒಣ ಮಸಿ, ಅಂದ್ರೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಇಂಜಿನ್ಗೆ ಹೋಗ್ತಿದೆ. ಊರಲ್ಲಿ ಅಪ್ಪ ಸ್ಕೂಟರ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ತಿದ್ದದ್ದು ನೆನಪಾಯ್ತು. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡೋ ಕಾರ್ಬ್ ಹೀಟ್ ಮುಚ್ಚಳ ನೋಡಿದ್ರು, ಸರಿಯಾಗೇ ಮುಚ್ಕೊಳ್ತಿತ್ತು. ಆಮೇಲೆ ಪ್ರೈಮರ್ (ಸ್ಟಾರ್ಟ್ ಮಾಡೋ ಮುಂಚೆ ಕೈಯಿಂದ ಇಂಜಿನ್ಗೆ ಒಂದಿಷ್ಟು ಪೆಟ್ರೋಲ್ ತಳ್ಳೋ ಪಿಚಕಾರಿ) ಲೈನನ್ನ ಇಂಜಿನ್ ಕಡೆ ಬಿಚ್ಚಿ ಕೆಳಗೆ ಬಿಳಿ ಬಟ್ಟೆ ಹಾಸಿ ಕಾದ್ರು, ನಾಬ್ ಲಾಕ್ ಆಗಿದ್ರೂ ತೊಟ್ಟು ತೊಟ್ಟಾಗಿ ಬಿದ್ದು ಬಟ್ಟೆ ಮೇಲೆ ನೀಲಿ ಕಲೆ (ವಿಮಾನಕ್ಕೆ ಹಾಕೋ 100ಎಲ್‌ಎಲ್ ಪೆಟ್ರೋಲ್‌ಗೆ ನೀಲಿ ಬಣ್ಣ ಹಾಕಿರ್ತಾರೆ). ಟ್ಯಾಂಕ್ ರೆಕ್ಕೆಯಲ್ಲಿರೋದು, ಪಂಪ್ ಇಲ್ಲ, ಮೇಲಿಂದ ತಾನಾಗೇ ಇಳಿಯುತ್ತೆ, ಒಳಗಿನ ಓ-ರಿಂಗ್ ಕಲ್ಲಾಗಿ ಹೋಗಿದ್ರಿಂದ ಹಾರಾಡ್ವಾಗ ಪೂರ್ತಿ ಅದೇ ದಾರೀಲಿ ಪೆಟ್ರೋಲ್ ಇಂಜಿನ್ ಒಳಗೆ ಹೋಗ್ತಿತ್ತು.

ಕೊನೇಲಿ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್. ಫ್ಲೋಟ್ ಬೌಲಲ್ಲಿ (ಅದರೊಳಗೆ ಪೆಟ್ರೋಲ್ ನಿಲ್ಲೋ ಪುಟ್ಟ ಬಟ್ಟಲು) ಪೆಟ್ರೋಲ್ ಮಟ್ಟ ಜಾಯಿಂಟಿಂದ 13/32 ಇಂಚು ಕೆಳಗಿರ್ಬೇಕು, ನಮ್ದು ಬರೀ ಕಾಲು ಇಂಚು, ಮಟ್ಟ ಮೇಲಿದ್ದಷ್ಟೂ ಪೆಟ್ರೋಲ್ ಜಾಸ್ತಿ ಹೋಗುತ್ತೆ. ನೀಡಲ್ ಸೀಟಿನ ವಾಷರ್ ಬದಲಾಯಿಸಿ ಮತ್ತೆ ಮತ್ತೆ ಅಳೆದು ಸರಿ ಮಾಡಿದ್ರು. ನಮ್ದರಲ್ಲಿ ಗಾಳಿಗೆ ಎಷ್ಟು ಪೆಟ್ರೋಲ್ ಬೆರೀಬೇಕು ಅಂತ ಹೊಂದಿಸೋ ಮಿಕ್ಸ್ಚರ್ ಕಂಟ್ರೋಲನ್ನ ಫುಲ್ ರಿಚ್‌ಗೇ ತಂತಿ ಕಟ್ಟಿಟ್ಟಿದಾರೆ, ಅದಕ್ಕೇ ಮೇಲೆ ಹೋದ್ಮೇಲೆ ನಾವು ಲೀನ್ (ಪೆಟ್ರೋಲ್ ಪಾಲು ಕಮ್ಮಿ) ಮಾಡೋಕೂ ಆಗ್ತಿರಲಿಲ್ಲ.

ಬಿಲ್ ಆರು ಗಂಟೆ ಲೇಬರ್, ಜೊತೆಗೆ ಓ-ರಿಂಗ್, ವಾಷರ್, ಗ್ಯಾಸ್ಕೆಟ್ ದುಡ್ಡು. ಬಿಚ್ಚಿದ ಪಾರ್ಟ್ಸ್ ಎಲ್ಲಾ ಕವರಲ್ಲಿ ಹಾಕಿ ಕೈಗೆ ಕೊಟ್ರು, ಲಾಗ್‌ಬುಕ್ಕಲ್ಲಿ ನೀಟಾಗಿ ಬರೆದ್ರು. ಬೇಜಾರು ಅಂದ್ರೆ ಫೋನ್ ಎತ್ತಲ್ಲ, ಮೂರು ವಾರ ಕಾಯಬೇಕಾಯ್ತು. ಈಗ ಅದೇ ರೀತಿ ಅಳೆದ್ರೆ 5.2. ನೀವು ಅವರ ಹತ್ರ ಹೋಗೋದಾದ್ರೆ ಕಳೆದ ಹತ್ತು ಸಲ ಪೆಟ್ರೋಲ್ ಹಾಕಿಸಿದ ಲೆಕ್ಕ ಬರ್ಕೊಂಡು ಹೋಗಿ, ಮೊದಲು ಕೇಳೋದೇ ಅದನ್ನ.