ನಾಲ್ಕು ವರ್ಷಗಳ ಬಳಕೆಯ ನಂತರ: ಎರಡು ಹಳಿಗಳ ಮರದ ಎಂಜಿನ್ ಶೆಡ್ ಕಿಟ್

ಮಾದರಿ ರೈಲುಗಳ ಎಚ್‌ಒ ಅಳತೆಯ, ಅಂದರೆ ನಿಜದ ಗಾತ್ರದ 87ರಲ್ಲಿ ಒಂದು ಪಾಲಿನ (1:87) ಪ್ರಮಾಣದ, ಎರಡು ಉಗಿ ಎಂಜಿನ್‌ಗಳು ಅಕ್ಕಪಕ್ಕ ನಿಲ್ಲಬಹುದಾದ ಈ ಶೆಡ್ಡನ್ನು ಕಟ್ಟಿ ನಾಲ್ಕು ವರ್ಷಗಳಾದವು. ಲೇಸರ್‌ನಿಂದ ಕತ್ತರಿಸಿದ ಬಾಸ್‌ವುಡ್ ಎಂಬ ಹಗುರ ಮರದ ಗೋಡೆಗಳು, ಬೆನ್ನಿಗೆ ಅಂಟು ಇರುವ ಕಿಟಕಿ ಚೌಕಟ್ಟುಗಳು, ಚಾವಣಿಗೆ ಹೊದಿಸುವ ಕಾಗದದ ಪಟ್ಟಿಗಳು ಮತ್ತು ಎರಕದ ನಾಲ್ಕು ಹೊಗೆಗೊಳವೆಗಳು ಪೆಟ್ಟಿಗೆಯಲ್ಲಿದ್ದವು. ಕಟ್ಟಿ ಮುಗಿಸಿದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಈಗ ಮೂರೂವರೆಗೆ ನಿಲ್ಲುತ್ತೇನೆ.

ಕತ್ತರಿಸಿದ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ. ಮೂಲೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಲೇಸರ್ ಸುಟ್ಟ ಕಂದು ಅಂಚುಗಳನ್ನು ಮಾತ್ರ ಬಣ್ಣ ಹಚ್ಚುವ ಮೊದಲೇ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿಕೊಳ್ಳಬೇಕು, ಇಲ್ಲವಾದರೆ ತಿಳಿ ಬಣ್ಣದ ಅಡಿಯಿಂದ ಆ ಕಂದು ಗೆರೆ ಇಣುಕುತ್ತದೆ.

ಗೋಡೆಗಳು ಬಾಗುವ ವಿಷಯ ಹಾಗಲ್ಲ. ಕೈಪಿಡಿಯಲ್ಲಿ ಹೊರಮುಖಕ್ಕೆ ಬಣ್ಣ ಹಚ್ಚಿ ಜೋಡಿಸಿರಿ ಎಂದಷ್ಟೇ ಇದೆ. ತೆಳುವಾದ ಮರದ ಒಂದೇ ಬದಿಗೆ ನೀರು ಬೆರೆತ ಬಣ್ಣ ತಾಗಿದರೆ ಆ ಬದಿಯ ನಾರುಗಳು ಮಾತ್ರ ಹಿಗ್ಗಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ನನ್ನ ಹಿಂಬದಿಯ ಗೋಡೆ ಬಾಗಿದ್ದು ಹೀಗೆಯೇ. ಉಳಿದ ಮೂರಕ್ಕೆ ಎರಡೂ ಬದಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಲೇಪ, ಬಳಿದು, ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಒಣಗಿಸಿ, ಒಳಗಡೆ ಮೂರು ಮಿಲಿಮೀಟರ್ ದಪ್ಪದ ಚೌಕ ಕಡ್ಡಿಗಳನ್ನು ಬಿಳಿ ಅಂಟಿನಿಂದ ಆನಿಕೆಯಾಗಿ ಕೂರಿಸಿದೆ. ಆ ಮೂರೂ ಗೋಡೆಗಳು ಇಂದಿಗೂ ಸ್ಕೇಲ್ ಇಟ್ಟು ನೋಡಿದರೆ ನೇರವಾಗಿವೆ. ಕಿಟ್ಟಿನಲ್ಲಿ ಆನಿಕೆಗೆ ಬೇಕಾದ ಕಡ್ಡಿಗಳೇ ಇಲ್ಲದಿರುವುದನ್ನು ಜಿಪುಣತನವೆಂದೇ ಹೇಳಬೇಕು.

ಕಿಟಕಿಗಳ ವಿಷಯದಲ್ಲಿ ತಪ್ಪು ನನ್ನದು. ಪಾರದರ್ಶಕ ಹಾಳೆಯನ್ನು ಆತುರದಲ್ಲಿ ಸೂಪರ್ ಗ್ಲೂನಿಂದ ಅಂಟಿಸಿದೆ. ಅದರ ಆವಿ ಹಾಳೆಯ ಮೇಲೆ ಬಿಳಿಯ ಮಬ್ಬಾಗಿ ಕುಳಿತಿತು. ಎಂಜಿನ್ ಶೆಡ್ಡಿನ ಕಿಟಕಿಗಳು ಹೇಗಿದ್ದರೂ ಮಸಿ ಹಿಡಿದವೇ ಆದ್ದರಿಂದ ಅವನ್ನು ಹಾಗೆಯೇ ಬಿಟ್ಟಿದ್ದೇನೆ, ನೋಡಿದವರು ಹೊಗಳಿದಾಗ ಸುಮ್ಮನಿರುತ್ತೇನೆ.

ಈ ಕಿಟ್ಟಿನ ದೊಡ್ಡ ದೋಷ ಚಾವಣಿಯದು. ಅದನ್ನು ಗೋಡೆಗಳಿಗೆ ಖಾಯಂ ಆಗಿ ಅಂಟಿಸಲು ಕೈಪಿಡಿ ಹೇಳುತ್ತದೆ, ನಾನೂ ಅಂಟಿಸಿದೆ. ಎರಡನೆಯ ತಿಂಗಳಲ್ಲಿ ಎಂಜಿನ್ನೊಂದು ಶೆಡ್ಡಿನ ಒಳಗೇ ಹಳಿ ತಪ್ಪಿತು. ಬಾಗಿಲಿನಿಂದ ಎರಡು ಬೆರಳು ಮಾತ್ರ ತೂರುತ್ತಿದ್ದವು. ಎಳೆದಾಗ ಎಂಜಿನ್ನಿನ ಕೈಹಿಡಿ ತಂತಿ ಬಾಗಿಲಿನ ಚೌಕಟ್ಟಿಗೆ ಸಿಕ್ಕಿ ಕಿತ್ತುಬಂತು. ಕೊನೆಗೆ ತೆಳು ಬ್ಲೇಡಿನಿಂದ ಅಂಟನ್ನು ಕೊಯ್ದು ಚಾವಣಿಯನ್ನು ಎತ್ತಬೇಕಾಯಿತು. ಈಗ ಅದರ ಒಳಬದಿಗೆ ಸುತ್ತಲೂ ಕಡ್ಡಿಯ ಅಂಚು ಕೊಟ್ಟಿರುವುದರಿಂದ ಡಬ್ಬಿಯ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ರೈಲು ಒಳಗೆ ಬಂದು ಹೋಗುವ ಕಟ್ಟಡಕ್ಕೆ ತೆಗೆಯಬಹುದಾದ ಚಾವಣಿ ಬೇಕೆಂಬುದು ತಯಾರಕರಿಗೆ ಹೊಳೆಯದೆ ಹೋದದ್ದು ನನಗೆ ಇನ್ನೂ ಸೋಜಿಗ.

ಚಾವಣಿ ತೆರೆದ ಮೇಲೆ ಒಳಗಿನ ಬೋಳುತನ ಕಣ್ಣಿಗೆ ರಾಚಿತು. ಉಗಿ ಎಂಜಿನ್ನಿನ ಅಡಿಭಾಗವನ್ನು ಪರೀಕ್ಷಿಸಲು, ಎಣ್ಣೆ ಹಾಕಲು ಹಳಿಗಳ ನಡುವೆ ಗುಂಡಿ ಇರಲೇಬೇಕು, ಕಿಟ್ಟಿನಲ್ಲಿ ಅದಿಲ್ಲ. ಹಳಿಗಳ ನಡುವಿನ 16.5 ಮಿಲಿಮೀಟರ್ ಅಂತರದಲ್ಲಿ 12 ಮಿಲಿಮೀಟರ್ ಅಗಲ, ಅಷ್ಟೇ ಆಳದ ಗುಂಡಿಯನ್ನು ನಾನೇ ಮಾಡಿಕೊಂಡೆ. ನಿಜದ ಅಳತೆಯಲ್ಲಿ ಆಳ ಒಂದು ಮೀಟರಿಗೆ ಸ್ವಲ್ಪ ಹೆಚ್ಚು, ಅಂದರೆ ಕೆಲಸಗಾರನೊಬ್ಬ ಬಗ್ಗಿ ನಿಲ್ಲುವಷ್ಟು. ಹೊಗೆಗೊಳವೆಗಳ ರಂಧ್ರಗಳೂ ತಪ್ಪು ಜಾಗದಲ್ಲಿದ್ದವು. ಎಂಜಿನ್ ನಿಂತಾಗ ಅದರ ಚಿಮಣಿ ಎಲ್ಲಿ ಬರುತ್ತದೆಯೋ ಅದರ ನೇರ ಮೇಲೆ ಗೊಳವೆ ಇರಬೇಕು, ಇವು ಚಾವಣಿಯ ನಡುಭಾಗದಲ್ಲಿ ಅಲಂಕಾರಕ್ಕೆ ಸಾಲಾಗಿ ಇದ್ದವು. ಹಳೆಯ ರಂಧ್ರಗಳನ್ನು ಮುಚ್ಚಿ, ನನ್ನ ಎಂಜಿನ್‌ಗಳನ್ನು ಒಳಗೆ ನಿಲ್ಲಿಸಿ ಗುರುತು ಹಾಕಿ ಹೊಸದಾಗಿ ಕೊರೆದೆ.

ಮಸಿಗೆ ಕಪ್ಪು ಚಾಕ್ ಪುಡಿಯನ್ನು ಮೆತ್ತನೆಯ ಕುಂಚದಿಂದ ತೊಲೆಗಳ ಮೇಲೆ, ಗೊಳವೆಯ ಬುಡದಲ್ಲಿ ಹೆಚ್ಚಾಗಿ, ಗೋಡೆಯ ಕೆಳಭಾಗಕ್ಕೆ ಬರುತ್ತಾ ಕಡಿಮೆಯಾಗುವಂತೆ ಉಜ್ಜಿದೆ. ಎರಡು ಬೆಚ್ಚನೆಯ ಬಿಳಿ ಎಲ್‌ಇಡಿಗಳನ್ನು 12 ವೋಲ್ಟಿಗೆ ಜೋಡಿಸುವಾಗ ಪ್ರತಿಯೊಂದಕ್ಕೂ ವಿದ್ಯುತ್ ಪ್ರವಾಹ ತಗ್ಗಿಸುವ 1,000 ಓಮ್ ರೆಸಿಸ್ಟರ್ ಹಾಕಿದೆ. ಬೆಳಕು ಇನ್ನೂ ಹೆಚ್ಚೆನಿಸಿ ಬಲ್ಬಿನ ತುದಿಗೆ ಹಳದಿ ಬಣ್ಣ ಸವರಿದ ಮೇಲೆಯೇ ಸಮಾಧಾನವಾಯಿತು.

ಬಾಗಿಲುಗಳಿಗೆ ಕೊಟ್ಟಿದ್ದ ಕಾಗದದ ಕೀಲುಗಳು ಒಂದು ವರ್ಷದೊಳಗೆ ಹರಿದವು. ಅರ್ಧ ಮಿಲಿಮೀಟರ್ ಹಿತ್ತಾಳೆ ತಂತಿಯ ಕೀಲುಗಳು ಮೂರು ವರ್ಷದಿಂದ ಅಲುಗಿಲ್ಲ. ಕೊಳ್ಳುವವರು ಬಾಗಿಲಿನ ಮುಂದೆ ತಮ್ಮ ಅತಿ ಉದ್ದದ ಎಂಜಿನ್ನಿನಷ್ಟಾದರೂ ನೇರ ಹಳಿ ಬಿಟ್ಟುಕೊಳ್ಳಲಿ, ತಿರುವಿನಿಂದ ನೇರವಾಗಿ ಒಳಬರುವ ಎಂಜಿನ್ನಿನ ಮೂತಿ ಹೊರಚಾಚಿ ಚೌಕಟ್ಟಿಗೆ ಬಡಿಯುತ್ತದೆ.

ಚಾವಣಿಯ ಪಟ್ಟಿಗಳ ಸ್ವಯಂ ಅಂಟು ಮೂರನೆಯ ವರ್ಷದಲ್ಲಿ ಸೋತು ಅಂಚುಗಳು ಮೇಲೆದ್ದಿವೆ. ಎದ್ದಲ್ಲೆಲ್ಲ ಕಡ್ಡಿಯ ತುದಿಯಿಂದ ಬಿಳಿ ಅಂಟು ತೂರಿಸಿ ಒತ್ತುತ್ತಿದ್ದೇನೆ. ಉತ್ತರದ ಇಳಿಜಾರು ಮುಗಿದಿದೆ, ದಕ್ಷಿಣದ್ದು ಇನ್ನೂ ಆರು ಸಾಲು ಬಾಕಿ.